ಅಪ್ಪ ತೋರಿಸಿದ ಎಡಗೈ ಹುಕ್

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ಮನೆಯ ಜಗಲಿ ಇದು. ಹೂಮಳೆ ಬಿದ್ದು ಒಂಬತ್ತು ದಿನ ಆಯ್ತು. ತೋಟ ಪೂರ್ತಿ ಬೆಳ್ಳಗಾಗಿದೆ, ಘಮ ಇಲ್ಲಿವರೆಗೂ ಬರುತ್ತಿದೆ. ಆದರೆ ಇವತ್ತು ಕಾಫಿ ಹೂವಿನ ವಿಡಿಯೊ ಅಲ್ಲ.

ಕುರ್ಚಿಯಲ್ಲಿ ಕೂತಿರುವವರು ನಮ್ಮಪ್ಪ. ಮಿಲಿಟರಿಯಲ್ಲಿದ್ದರು, ಅಲ್ಲೇ ಬಾಕ್ಸಿಂಗ್ ಕಲಿತವರು. ಕೊಡಗು ಅಂದರೆ ಎಲ್ಲರಿಗೂ ಹಾಕಿ ನೆನಪಾಗುತ್ತದೆ ಅಲ್ವಾ? ನಮ್ಮ ಮನೆಯಲ್ಲಿ ಮಾತ್ರ ಮಾರ್ಚ್ ಬಂದರೆ ಈ ಬಾಕ್ಸಿಂಗ್ ಪಂದ್ಯ ಹಾಕಲೇಬೇಕು. 1971, ಮಾರ್ಚ್ 8. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್.

ಅಲಿ 31 ಪಂದ್ಯ ಆಡಿದ್ದ, ಫ್ರೇಜಿಯರ್ 26. ಇಬ್ಬರೂ ಒಂದನ್ನೂ ಸೋತಿರಲಿಲ್ಲ. ವಿಯೆಟ್ನಾಂ ಯುದ್ಧದ ಹೊತ್ತಲ್ಲಿ ಸೇನೆಗೆ ಸೇರಲ್ಲ ಅಂದಿದ್ದಕ್ಕೆ 1967ರಲ್ಲಿ ಅಲಿಯ ವಿಶ್ವ ಚಾಂಪಿಯನ್ ಪಟ್ಟ ಕಿತ್ತುಕೊಂಡಿದ್ದರು. ಮೂರೂವರೆ ವರ್ಷ ಅವನಿಗೆ ಪಂದ್ಯವೇ ಇರಲಿಲ್ಲ. ಅಷ್ಟರಲ್ಲಿ ಫ್ರೇಜಿಯರ್ ಚಾಂಪಿಯನ್ ಆಗಿದ್ದ. ಅಪ್ಪ ಮಿಲಿಟರಿಯವರಾದರೂ ಈ ವಿಷಯಕ್ಕೆ ಅಲಿಯನ್ನು ಬೈದದ್ದು ನಾನು ಒಂದು ದಿನವೂ ಕೇಳಿಲ್ಲ.

ಅಲಿ ಎತ್ತರ, ಕೈ ಉದ್ದ. ದೂರದಲ್ಲೇ ನಿಂತು ಜ್ಯಾಬ್, ಅಂದರೆ ಕೈ ನೇರ ಚಾಚಿ ಚುರುಕಾದ ಏಟು, ಹೊಡೆಯುತ್ತಾನೆ. ಫ್ರೇಜಿಯರ್ ಅವನಿಗಿಂತ ಮೂರೂವರೆ ಇಂಚು ಗಿಡ್ಡ. ಹೊಡೆಯಬೇಕಾದರೆ ಒಳಗೆ ನುಗ್ಗಲೇಬೇಕು, ನುಗ್ಗುವಾಗ ಏಟು ತಿನ್ನಲೇಬೇಕು. "ಕೈ ನೋಡಬೇಡ, ಅವನ ತಲೆ ನೋಡು" ಅಂತಾರೆ ಅಪ್ಪ. ತಲೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಬಗ್ಗುತ್ತದೆ, ಏಳುತ್ತದೆ, ಪಕ್ಕಕ್ಕೆ ಜಾರುತ್ತದೆ. ಪ್ರತಿ ಸಲ ಒಂದು ಹೆಜ್ಜೆ ಮುಂದೆ.

ಫ್ರೇಜಿಯರ್‌ನ ಎಡಗೈ ಕಥೆ ಕೇಳಿ. ಚಿಕ್ಕವನಿದ್ದಾಗ ಮನೆಯ ಹಂದಿಯನ್ನು ಕೆಣಕಿದನಂತೆ, ಅದು ಅಟ್ಟಿಸಿಕೊಂಡು ಬಂತಂತೆ. ಬಿದ್ದು ಕೈ ಮುರಿಯಿತು. ಡಾಕ್ಟರಿಗೆ ತೋರಿಸಲು ದುಡ್ಡಿರಲಿಲ್ಲ. ಮೊಣಕೈ ಆಮೇಲೆ ಯಾವತ್ತೂ ಪೂರ್ತಿ ನೆಟ್ಟಗಾಗಲಿಲ್ಲ. ಇಲ್ಲಿ ಅಪ್ಪ ಕಾಫಿ ಲೋಟ ಕಟ್ಟೆ ಮೇಲಿಟ್ಟು ಎದ್ದು ನಿಂತರು, ನೋಡಿ. ಎಡ ಮೊಣಕೈ ಮಡಿಸಿ, ಸೊಂಟ ತಿರುಗಿಸಿ, ನನ್ನ ಕೆನ್ನೆ ಹತ್ತಿರ ತಂದು ನಿಲ್ಲಿಸಿದರು. "ಪಕ್ಕದಿಂದ ಬೀಸಿ ಹೊಡೆಯುವ ಹುಕ್‌ಗೆ ಕೈ ಹೀಗೇ ಮಡಚಿರಬೇಕು. ಅವನಿಗೆ ಅದು ಮೊದಲೇ ಹಾಗಿತ್ತು."

11ನೇ ರೌಂಡಿನಲ್ಲಿ ಆ ಹುಕ್ ಬಿದ್ದಾಗ ಅಲಿಯ ಕಾಲು ತಡವರಿಸುತ್ತದೆ. ಆದರೂ ನಿಂತ. ಕೊನೆಯ 15ನೇ ರೌಂಡು. ಅದೇ ಎಡಗೈ, ನೇರ ದವಡೆಗೆ. ಅಲಿ ಅಂಗಾತ ಬಿದ್ದ. ಬಿಳಿ ಶೂಗಳ ಕೆಂಪು ಕುಚ್ಚು ಗಾಳಿಯಲ್ಲಿ ಹಾರಿದವು. ಎಷ್ಟು ಸಲ ನೋಡಿದರೂ ನನಗೆ ಅಲ್ಲಿ ಎದೆ ಧಸಕ್ ಅನ್ನುತ್ತದೆ. ಇನ್ನೂ ದೊಡ್ಡದು ಅಂದರೆ, ಅಂಥ ಏಟು ತಿಂದವನು ತಕ್ಷಣ ಎದ್ದು ಗಂಟೆ ಬಾರಿಸುವವರೆಗೂ ಹೋರಾಡಿದ.

ಮೂರೂ ಜನ ತೀರ್ಪುಗಾರರು ಫ್ರೇಜಿಯರ್ ಗೆದ್ದ ಅಂದರು. ಪಂದ್ಯದ ಆಮೇಲೆ ಇಬ್ಬರೂ ಆಸ್ಪತ್ರೆಗೆ ಹೋಗಬೇಕಾಯಿತು.

ನಾನು ಮೊದಲಿಂದಲೂ ಅಲಿ ಕಡೆ. ಮೊಬೈಲಲ್ಲಿ ಅಪ್ಪ ಮತ್ತೆ ಮೊದಲ ರೌಂಡ್ ಹಾಕಿದರು. ಈ ಸಲ ನಾನು ಅಲಿಯ ಕಾಲು ನೋಡಲಿಲ್ಲ. ಪೂರ್ತಿ ಮೂರು ನಿಮಿಷ ಫ್ರೇಜಿಯರ್‌ನ ತಲೆಯನ್ನೇ ನೋಡಿದೆ.