ಪ್ರೋಟೀನು, ಜಿಗಣೆ ಮತ್ತು ಆರನೇ ಮಣಿ

ಕೇಳುಗರಿಗೆಲ್ಲ ನಮಸ್ಕಾರ. ಮಡಿಕೇರಿಯಲ್ಲಿ ಬೆಳಿಗ್ಗೆಯಿಂದ ಒಂದೇ ಸಮನೆ ಮಳೆ. ನಿಮ್ಮಲ್ಲಿ ಕೆಲವರು ಒಲೆ ಮುಂದೆ ಕೂತು ಕೇಳುತ್ತಿರಬಹುದು, ಕೆಲವರು ಲೈನ್ ಮನೆ ಜಗಲಿಯಲ್ಲಿ, ಕೆಲವರು ಜೀಪಿನಲ್ಲಿ. ಎಲ್ಲಿದ್ದರೂ ಸರಿ, ಸ್ವಲ್ಪ ಹೊತ್ತು ನನ್ನ ಜೊತೆ ಇರಿ.

ಪ್ರೋಟೀನ್ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಈ ವಿಷಯ ಬಂದ ಕೂಡಲೇ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಯಾವ ಕಂಪನಿ ಪುಡಿ ಒಳ್ಳೆಯದು?" ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಕೇಳಿದರು, ನಿನ್ನೆ ಮದುವೆ ಮನೆಯಲ್ಲಿ ಊಟದ ಸಾಲಲ್ಲಿ ಒಬ್ಬರು ಕೇಳಿದರು. 30 ವರ್ಷ ಪ್ರೋಟೀನ್‌ಗಳ ಜೊತೆ ಕಳೆದವಳಿಗೆ ಇದು ಸ್ವಲ್ಪ ಬೇಜಾರಿನ ಪ್ರಶ್ನೆ, ಕ್ಷಮಿಸಿ. ಪ್ರೋಟೀನ್ ಅಂದರೆ ಡಬ್ಬಿಯಲ್ಲಿರುವ ಪುಡಿ ಅಲ್ಲ. ಪ್ರೋಟೀನ್ ಅಂದರೆ ಆಕಾರ. ಇವತ್ತು ನಾನು ಹೇಳಬೇಕಾದದ್ದು ಇದೊಂದೇ. ಆಕಾರ ಸರಿ ಇದ್ದರೆ ಕೆಲಸ ಸರಿ. ಆಕಾರ ಕೆಟ್ಟರೆ ಕಾಯಿಲೆ.

ಹೇಗೆ ಅಂತ ಹೇಳುತ್ತೇನೆ. ಮಣಿಸರ ನೋಡಿದ್ದೀರಲ್ವಾ? ಪ್ರೋಟೀನ್ ಕೂಡ ಒಂದು ಮಣಿಸರ. ಮಣಿಗಳಲ್ಲಿ 20 ಬಗೆ, ಅವುಗಳ ಹೆಸರು ಅಮೈನೋ ಆಮ್ಲ. ಯಾವ ಮಣಿ ಆದ ಮೇಲೆ ಯಾವ ಮಣಿ ಅನ್ನುವುದನ್ನು ನಿಮ್ಮ ಅಪ್ಪ ಅಮ್ಮನಿಂದ ಬಂದ ಜೀನ್ ಹೇಳುತ್ತದೆ. ಆದರೆ ಸರ ಪೋಣಿಸಿದರೆ ಕೆಲಸ ಮುಗಿಯಲಿಲ್ಲ. ಸರ ತಾನಾಗಿ ಮಡಚಿಕೊಳ್ಳುತ್ತದೆ. ಒರಳಿನಿಂದ ಬಿದ್ದ ನೂಲುಪುಟ್ಟು ತಟ್ಟೆಯಲ್ಲಿ ಹೇಗೆ ಬೇಕೋ ಹಾಗೆ ಸುತ್ತಿಕೊಂಡು ಬೀಳುತ್ತದೆ, ಎರಡು ಸಲ ಒಂದೇ ಥರ ಬೀಳಲ್ಲ. ಪ್ರೋಟೀನ್ ಹಾಗಲ್ಲ. ಒಂದು ಬಗೆಯ ಸರ ಸಾವಿರ ಸಲ ಮಡಚಿದರೂ ಸಾವಿರ ಸಲವೂ ಅದೇ ಸುರುಳಿ, ಅದೇ ತಿರುವು, ಅದೇ ಗುಂಡಿ. ಆ ಗುಂಡಿಯಲ್ಲೇ ಅದರ ಕೆಲಸ.

ನಂಬಿಕೆ ಬರಲಿಲ್ಲವಾ? ಮೊಟ್ಟೆ ಒಡೆಯಿರಿ. ಬಿಳಿ ಭಾಗ ನೀರಾಗಿದೆ, ಆಚೆ ಕಾಣುತ್ತದೆ. ಕಾವಲಿಗೆ ಹಾಕಿ. ಬೆಳ್ಳಗೆ ಗಟ್ಟಿಯಾಯಿತು. ಹೊಸದೇನೂ ಸೇರಿಲ್ಲ, ಏನೂ ಹೋಗಿಲ್ಲ. ಬಿಸಿಗೆ ಪ್ರೋಟೀನಿನ ಮಡಿಕೆ ಬಿಚ್ಚಿ, ಸರಗಳು ಒಂದಕ್ಕೊಂದು ಸಿಕ್ಕು ಬಿದ್ದವು, ಅಷ್ಟೇ. ಕಾಚಂಪುಳಿ ಸವರಿಟ್ಟ ಮೀನು ಒಲೆಗೆ ಇಡುವ ಮೊದಲೇ ಬಿಗಿಯಾಗುತ್ತದಲ್ಲ, ಅಲ್ಲಿ ಬಿಸಿಯ ಬದಲು ಹುಳಿ ಅದೇ ಕೆಲಸ ಮಾಡುತ್ತದೆ. ಮಣಿಗಳು ಅವೇ. ಆಕಾರ ಹೋಯಿತು.

ಈಗ ನನ್ನ ಕತೆ. ಇದನ್ನು ಹೇಳದೆ ನಾನು ಎಲ್ಲೂ ಭಾಷಣ ಮುಗಿಸಿದ್ದಿಲ್ಲ.

ನಮ್ಮ ಮನೆ ನಾಪೋಕ್ಲು ಕಡೆ. ಪಿಯುಸಿ ಮುಗಿಸಿ ಮೈಸೂರಿನಲ್ಲಿ ಬಿಎಸ್ಸಿಗೆ ಸೀಟು ಕೇಳಲು ಹೊರಟಿದ್ದೆ. ಜುಲೈ ತಿಂಗಳು. ತೋಟದೊಳಗಿನ ದಾರಿಯಲ್ಲಿ ನಡೆದು ಮುಖ್ಯ ರಸ್ತೆಗೆ ಬರಬೇಕು. ಅಜ್ಜಿ ಹೇಳಿದ್ದರು, "ಕಾಲಿಗೆ ಹೊಗೆಸೊಪ್ಪಿನ ನೀರು ಸವರಿಕೊಂಡು ಹೋಗು ಮಗಾ." ನಾನು ಕೇಳಲಿಲ್ಲ. ಇಂಟರ್‌ವ್ಯೂಗೆ ಹೋಗುವಾಗ ಹೊಗೆಸೊಪ್ಪಿನ ವಾಸನೆ ಬೇಡ ಅಂತ. ಮೇಲೆ ಬಿಳಿ ಚೂಡಿದಾರ್ ಬೇರೆ! ಮಡಿಕೇರಿಯಲ್ಲಿ ಬಸ್ ಬದಲಿಸಿ, ಕಿಟಕಿ ಪಕ್ಕ ಸೀಟು ಹಿಡಿದು, ಸುಮ್ನೆ ಮಂಜು ನೋಡುತ್ತಾ ಕೂತಿದ್ದೆ. ಸುಂಟಿಕೊಪ್ಪ ದಾಟಿರಬೇಕು. ಪಕ್ಕದಲ್ಲಿದ್ದ ಹೆಂಗಸು ನನ್ನ ಭುಜ ತಟ್ಟಿದರು. "ಏನಮ್ಮಾ, ನಿನ್ನ ಕಾಲು ನೋಡಿಕೋ."

ನೋಡಿದರೆ ಚಪ್ಪಲಿ ತುಂಬ ರಕ್ತ. ಚೂಡಿದಾರಿನ ಅಂಚು ಕೆಂಪು. ಜಿಗಣೆ ಹೊಟ್ಟೆ ತುಂಬಿಸಿಕೊಂಡು ಯಾವಾಗಲೋ ಉದುರಿ ಹೋಗಿತ್ತು. ನೋವಿಲ್ಲ, ಉರಿಯಿಲ್ಲ, ಆದರೆ ರಕ್ತ ನಿಲ್ಲುತ್ತಿಲ್ಲ. ಆ ಹೆಂಗಸು ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಹಚ್ಚಿದರು. ನಿಲ್ಲಲಿಲ್ಲ. ಕಂಡಕ್ಟರ್ ಟಿಕೆಟ್ ಚೂರು ಹರಿದು ಎಂಜಲು ಹಚ್ಚಿ ಅಂಟಿಸಿದ. ಅದು ಪಿರಿಯಾಪಟ್ಟಣದವರೆಗೆ ಬಂತು, ಹುಣಸೂರಿಗೆ ಮೊದಲೇ ಒದ್ದೆಯಾಗಿ ಬಿತ್ತು. ಮೈಸೂರಿನಲ್ಲಿ ಇಳಿದಾಗಲೂ ಎಳೆಯಂತೆ ಸೋರುತ್ತಲೇ ಇತ್ತು.

ಇಂಟರ್‌ವ್ಯೂ ಕೋಣೆಯಲ್ಲಿ ಆ ಕಾಲನ್ನು ಕುರ್ಚಿ ಕೆಳಗೆ ಬಚ್ಚಿಟ್ಟುಕೊಂಡು ಕೂತೆ. ಎದುರಿಗಿದ್ದ ಮೇಷ್ಟ್ರು ವಯಸ್ಸಾದವರು. ಕನ್ನಡಕದ ಮೇಲಿಂದ ನೋಡಿ, "ಕಾಲಿಗೆ ಏನಾಗಿದೆ?" ಅಂದರು. "ಜಿಗಣೆ ಸಾರ್." "ಯಾವ ಊರು?" "ಕೊಡಗು ಸಾರ್." ಅವರು ಅಂಕಪಟ್ಟಿ ಪಕ್ಕಕ್ಕಿಟ್ಟರು. "ಕಚ್ಚಿ ಎಷ್ಟು ಹೊತ್ತಾಯಿತು?" "ಬೆಳಿಗ್ಗೆ ಸಾರ್." "ಮತ್ತೆ ಇನ್ನೂ ಯಾಕೆ ರಕ್ತ ಬರುತ್ತಿದೆ?" ನಾನು ಊರಲ್ಲಿ ಕೇಳಿದ್ದನ್ನೇ ಹೇಳಿದೆ. "ಜಿಗಣೆ ಬಾಯಲ್ಲಿ ವಿಷ ಇರುತ್ತೆ ಸಾರ್."

ಅವರು ಜೋರಾಗಿ ನಕ್ಕರು. "ವಿಷ ಅಲ್ಲಮ್ಮಾ, ಪ್ರೋಟೀನು." ಆಮೇಲೆ ಹತ್ತು ನಿಮಿಷ ಅವರೇ ಮಾತಾಡಿದರು. ಹೊರಗೆ ಹುಡುಗರು ಸಾಲಾಗಿ ಕಾಯುತ್ತಿದ್ದರು, ಅವರಿಗೆ ಅದರ ಗೊಡವೆ ಇರಲಿಲ್ಲ. ಅವರು ಹೇಳಿದ್ದು ಇಷ್ಟು. ನಮ್ಮ ರಕ್ತದಲ್ಲಿ ಥ್ರಾಂಬಿನ್ ಅನ್ನುವ ಪ್ರೋಟೀನ್ ಇದೆ. ಗಾಯವಾದಾಗ ಅದು ಅಡಕತ್ತರಿಯ ಹಾಗೆ ಬಾಯಿ ತೆರೆದು, ರಕ್ತದಲ್ಲಿರುವ ಇನ್ನೊಂದು ಪ್ರೋಟೀನನ್ನು ಕತ್ತರಿಸಿ ನೂಲು ಮಾಡುತ್ತದೆ. ಆ ನೂಲು ಬಲೆಯಾಗಿ ಹೆಣೆದುಕೊಂಡು ರಕ್ತ ಹೆಪ್ಪುಗಟ್ಟುತ್ತದೆ. ಜಿಗಣೆ ಏನು ಮಾಡುತ್ತದೆ ಗೊತ್ತಾ? ತನ್ನ ಎಂಜಲಿನ ಪುಟ್ಟ ಪ್ರೋಟೀನ್ ಒಂದನ್ನು ಆ ಅಡಕತ್ತರಿಯ ಬಾಯಿಗೇ ಸಿಕ್ಕಿಸಿ ಬಿಡುತ್ತದೆ. ಬಾಯಿಗೆ ಕಲ್ಲು ಸಿಕ್ಕಿದ ಅಡಕತ್ತರಿ ಅಡಿಕೆ ಕತ್ತರಿಸುತ್ತದಾ? ಇಲ್ಲ. ನೂಲಿಲ್ಲ, ಬಲೆಯಿಲ್ಲ, ರಕ್ತ ಹರಿಯುತ್ತಲೇ ಇರುತ್ತದೆ. ಆ ಗುಂಡಿಗೆ ಹೇಳಿ ಮಾಡಿಸಿದ ಆಕಾರ! ಜಿಗಣೆಗೆ ಗೊತ್ತಿರುವ ವಿದ್ಯೆ ಅದೊಂದೇ.

ನನಗೆ ಸೀಟು ಸಿಕ್ಕಿತು. ಬಿಳಿ ಚೂಡಿದಾರ್ ಕಲೆ ಮಾತ್ರ ಹೋಗಲಿಲ್ಲ.

ಜಿಗಣೆಯ ಸಾರದಿಂದ ರಕ್ತ ಹೆಪ್ಪುಗಟ್ಟುವುದಿಲ್ಲ ಅಂತ ಹೇಕ್ರಾಫ್ಟ್ ಅನ್ನುವ ವಿಜ್ಞಾನಿ 1884ರಲ್ಲೇ ತೋರಿಸಿದ್ದರು. ವೈದ್ಯರು ಬಳಸುತ್ತಿದ್ದ ನೀರು ಜಿಗಣೆಯಲ್ಲಿ ಸಿಕ್ಕ ಆ ಪ್ರೋಟೀನಿಗೆ ಹಿರುಡಿನ್ ಅಂತ ಹೆಸರು, ಅದರಲ್ಲಿ 65 ಮಣಿ. ನಮ್ಮ ಕಾಡಿನಲ್ಲಿ ಕಾಲಿಗೆ ಹತ್ತುವ ನೆಲದ ಜಿಗಣೆಯ ಕುಲದಲ್ಲೂ ಇಂಥದೇ ಒಂದು ಸಿಕ್ಕಿದೆ, ಹೆಮಾಡಿನ್ ಅಂತ, 57 ಮಣಿ. ಹಿರುಡಿನ್ ಆಕಾರ ನೋಡಿಕೊಂಡು 20 ಮಣಿಯ ಒಂದು ಔಷಧಿಯನ್ನೇ ಮಾಡಿದ್ದಾರೆ, ಬೈವಲಿರುಡಿನ್ ಅಂತ. ಹೃದಯದ ರಕ್ತನಾಳಕ್ಕೆ ಆಂಜಿಯೋಪ್ಲಾಸ್ಟಿ ಮಾಡುವಾಗ ರಕ್ತ ಗಡ್ಡೆ ಕಟ್ಟದಂತೆ ಅದನ್ನು ಕೊಡುತ್ತಾರೆ. ನಾವು ಉಪ್ಪು ಹಾಕಿ ಸಾಯಿಸುವ ಹುಳು, ನೋಡಿ.

ಅಯ್ಯೋ, ಕತೆಯಲ್ಲೇ ಹೊತ್ತು ಜಾಸ್ತಿ ಹೋಯಿತು. ಆದರೆ ಮುಂದಿನದನ್ನು ಬಿಡುವ ಹಾಗಿಲ್ಲ, ಅದು ನಮ್ಮ ಜಿಲ್ಲೆಯ ವಿಷಯ.

ವಿರಾಜಪೇಟೆ, ಪೊನ್ನಂಪೇಟೆ ಕಡೆಯ ಹಾಡಿಗಳಲ್ಲಿ ಕೆಲವು ಮಕ್ಕಳಿಗೆ ಪದೇ ಪದೇ ಕೈಕಾಲು ನೋವು, ಮೂಳೆ ಮುರಿದ ಹಾಗೆ ನೋವು, ಕಣ್ಣು ಹಳದಿ, ಸುಸ್ತು. ಮಳೆ, ಚಳಿ ಬಂದರೆ ಜಾಸ್ತಿ. ಹಿಂದೆ ಇದನ್ನು ಗಾಳಿ ಸೋಕಿದ್ದು ಅನ್ನುತ್ತಿದ್ದರು, ದೇವರ ಮುನಿಸು ಅನ್ನುತ್ತಿದ್ದರು. ಅಲ್ಲ. ಒಂದು ಮಣಿ ತಪ್ಪಿದೆ. ಇದರ ಹೆಸರು ಸಿಕಲ್ ಸೆಲ್, ಕುಡುಗೋಲು ರಕ್ತಹೀನತೆ. ನಮ್ಮಲ್ಲಿ ಜೇನುಕುರುಬ, ಯರವ ಮುಂತಾದ ಆದಿವಾಸಿ ಜನರಲ್ಲಿ ಇದು ಕಾಣುತ್ತದೆ. ಪಕ್ಕದ ನೀಲಗಿರಿಯ ಆದಿವಾಸಿಗಳಲ್ಲಿ ಇದು ಇದೆ ಅಂತ 1952ರಲ್ಲೇ ವರದಿಯಾಗಿತ್ತು.

ರಕ್ತ ಕೆಂಪಗಿರುವುದು ಹಿಮೋಗ್ಲೋಬಿನ್ ಅನ್ನುವ ಪ್ರೋಟೀನಿನಿಂದ. ಅದು ಶ್ವಾಸಕೋಶದಿಂದ ಆಮ್ಲಜನಕ ಹೊತ್ತು ಮೈಗೆಲ್ಲ ಹಂಚುವ ಕೂಲಿಯಾಳು. ಅದರಲ್ಲಿ ನಾಲ್ಕು ಸರ. ಎರಡು ಸರದಲ್ಲಿ 141 ಮಣಿ, ಇನ್ನೆರಡು ಸರದಲ್ಲಿ 146 ಮಣಿ. ಈ 146ರ ಸರದಲ್ಲಿ ಆರನೇ ಮಣಿ ಬದಲಾಗಿದೆ. ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ವ್ಯಾಲೀನ್ ಕೂತಿದೆ. ಮಿಕ್ಕ 145 ಸರಿಯಾಗಿಯೇ ಇವೆ! ಆ ಒಂದು ಮಣಿಗೆ ನೀರು ಕಂಡರೆ ಆಗಲ್ಲ. ಆಮ್ಲಜನಕ ಇಳಿಸಿದ ಕೂಡಲೇ ಅದು ಪಕ್ಕದ ಹಿಮೋಗ್ಲೋಬಿನ್ನಿನ ಗುಂಡಿಗೆ ಹೋಗಿ ಅಂಟುತ್ತದೆ. ಅದಕ್ಕೆ ಇನ್ನೊಂದು, ಮತ್ತೊಂದು. ಕೋಲು ಕೋಲಾಗಿ ಬೆಳೆದು, ದುಂಡಗಿದ್ದ ರಕ್ತಕಣವನ್ನು ಒಳಗಿನಿಂದ ಚುಚ್ಚಿ ಬಗ್ಗಿಸುತ್ತವೆ. ಹುತ್ತರಿಗೆ ಕದಿರು ತೆಗೆಯುವ ಕುಡುಗೋಲು ಇದೆಯಲ್ಲ, ಕಣ ಥೇಟ್ ಹಾಗೆ ಕಾಣುತ್ತದೆ. ಸಣ್ಣ ರಕ್ತನಾಳದಲ್ಲಿ ಅದು ನುಸುಳಲ್ಲ. ಸಿಕ್ಕಿಕೊಂಡ ಕಡೆ ನೋವು. ಒಳ್ಳೆಯ ಕಣ 120 ದಿನ ಬದುಕಿದರೆ ಇದು 10ರಿಂದ 20 ದಿನ. ಅದಕ್ಕೇ ರಕ್ತ ಕಡಿಮೆ.

1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಅವರ ಸಂಗಡಿಗರು ಈ ರೋಗಿಗಳ ಹಿಮೋಗ್ಲೋಬಿನ್ನೇ ಬೇರೆ ಅಂತ ತೋರಿಸಿ, ಇದನ್ನು ಅಣುವಿನ ಕಾಯಿಲೆ ಅಂತ ಕರೆದರು. ಪ್ರೋಟೀನ್ ಕೆಟ್ಟರೆ ಕಾಯಿಲೆ ಅಂತ ಬೆರಳಿಟ್ಟು ಹೇಳಿದ್ದು ಅದೇ ಮೊದಲು. ಯಾವ ಮಣಿ ಅಂತ ಹುಡುಕಿದ್ದು ಕೇಂಬ್ರಿಡ್ಜಿನ ವರ್ನನ್ ಇಂಗ್ರಾಂ, ಅದಾಗಿ ಏಳೆಂಟು ವರ್ಷಕ್ಕೆ.

ಈ ಮಣಿ ಯಾಕೆ ಉಳಿದುಕೊಂಡಿತು ಅಂತ ಕೇಳುತ್ತೀರಿ. ಮಲೇರಿಯಾ. ಒಬ್ಬ ಹೆತ್ತವರಿಂದ ಮಾತ್ರ ಈ ಗುಣ ಬಂದರೆ ಕಾಯಿಲೆ ಇರಲ್ಲ, ಮೇಲಾಗಿ ಜೀವ ತೆಗೆಯುವಂಥ ಮಲೇರಿಯಾದಿಂದ ರಕ್ಷಣೆ. ಸೊಳ್ಳೆ ತುಂಬಿದ ಕಾಡಿನಲ್ಲಿ ಅದು ದೊಡ್ಡ ವರ. ಅಪ್ಪ ಅಮ್ಮ ಇಬ್ಬರಲ್ಲೂ ಇದ್ದರೆ ಮಾತ್ರ ತೊಂದರೆ. ಆಗ ಪ್ರತಿ ಹೆರಿಗೆಯಲ್ಲೂ ನಾಲ್ಕರಲ್ಲಿ ಒಂದು ಪಾಲು, ಮಗುವಿಗೆ ಕಾಯಿಲೆ ಬರಬಹುದು. ಆದ್ದರಿಂದ ಹಾಡಿಯಲ್ಲಿ ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮದುವೆಗೆ ಮೊದಲು ಜಾತಕ ಇದೆಯೋ ಇಲ್ಲವೋ, ರಕ್ತ ಪರೀಕ್ಷೆ ಮಾಡಿಸಿ. ದೇಶದಲ್ಲಿ 2023ರಿಂದ ಇದಕ್ಕಾಗಿಯೇ ಸರ್ಕಾರದ ಅಭಿಯಾನ ನಡೆಯುತ್ತಿದೆ, 2047ರೊಳಗೆ ಈ ಕಾಯಿಲೆ ಇಲ್ಲವಾಗಿಸುವ ಗುರಿ. ಹೈಡ್ರಾಕ್ಸಿಯೂರಿಯಾ ಅನ್ನುವ ಮಾತ್ರೆ ಇದೆ. ಹೊಟ್ಟೆಯಲ್ಲಿದ್ದಾಗ ಮಗುವಿಗೆ ಇರುತ್ತದಲ್ಲ, ಆ ಹಳೆಯ ಬಗೆಯ ಹಿಮೋಗ್ಲೋಬಿನ್ನನ್ನು ಅದು ಮತ್ತೆ ಹೆಚ್ಚಿಸುತ್ತದೆ. ಅದು ಕೋಲಿನ ಸಾಲಿಗೆ ಸೇರಲ್ಲ, ಹಾಗಾಗಿ ನೋವು ಕಡಿಮೆ. ಡಾಕ್ಟರು ಕೊಟ್ಟರೆ ದಯವಿಟ್ಟು ನಡುವೆ ನಿಲ್ಲಿಸಬೇಡಿ. ನೀರು ಚೆನ್ನಾಗಿ ಕುಡಿಯಿರಿ, ಮೈ ಬೆಚ್ಚಗಿಟ್ಟುಕೊಳ್ಳಿ.

ಇನ್ನು ನಾಲ್ಕು ನಿಮಿಷ ಅಂತ ಸನ್ನೆ ಮಾಡುತ್ತಿದ್ದಾರೆ. ಸಕ್ಕರೆ ಕಾಯಿಲೆ ಬಗ್ಗೆ ಅರ್ಧ ಪುಟ ಬರೆದು ತಂದಿದ್ದೆ. ಒಂದೇ ಮಾತು ಹೇಳುತ್ತೇನೆ. ಇನ್ಸುಲಿನ್ ಕೂಡ ಪ್ರೋಟೀನ್, 51 ಮಣಿ. "ಮಾತ್ರೆ ಕೊಡಿ ಡಾಕ್ಟ್ರೇ, ಸೂಜಿ ಬೇಡ" ಅನ್ನುತ್ತೀರಿ. ನುಂಗಿದರೆ ಹೊಟ್ಟೆ ಅದನ್ನು ಮಣಿಮಣಿಯಾಗಿ ಬಿಡಿಸಿ ಹಾಕುತ್ತದೆ. ಆಕಾರ ಹೋದ ಮೇಲೆ ಅದು ಇನ್ಸುಲಿನ್ ಅಲ್ಲ, ಬರೀ ಊಟ. ಅದಕ್ಕೇ ಸೂಜಿ.

ಮುಖಕ್ಕೆ ಹೊಳಪು ಬರುತ್ತದೆ ಅಂತ ಕೊಲಾಜೆನ್ ಪುಡಿ ಕುಡಿಯುವವರಿಗೂ ಇದೇ ಉತ್ತರ. ಕೊಲಾಜೆನ್ ನಮ್ಮ ಚರ್ಮ, ಮೂಳೆಯ ಹಗ್ಗ. ಮೂರು ಎಳೆ ಹೊಸೆದ ಹಗ್ಗ ಅಂತ ಲೋಕಕ್ಕೆ ತೋರಿಸಿದ್ದು ನಮ್ಮವರೇ, 1954ರಲ್ಲಿ ಮದ್ರಾಸಿನಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಅದಕ್ಕೆ ಬಳಸಿದ್ದು ಕಾಂಗರೂ ಬಾಲದ ನಾರು! ರಾಮಚಂದ್ರನ್ ಆಮೇಲೆ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದ್ದರು. ಆ ಪುಡಿ ಕುಡಿದರೆ ಹೊಟ್ಟೆಯಲ್ಲಿ ಹಗ್ಗ ಬಿಚ್ಚಿ ಮಣಿಯಾಗುತ್ತದೆ, ಹಗ್ಗವಾಗಿಯೇ ನಿಮ್ಮ ಕೆನ್ನೆಗೆ ಹೋಗಿ ಕೂರಲ್ಲ. ಹಗ್ಗವನ್ನು ನಿಮ್ಮ ಮೈಯೇ ಹೊಸೆಯಬೇಕು, ಹೊಸೆದದ್ದು ಬಿಗಿಯಾಗಿ ನಿಲ್ಲಲು ವಿಟಮಿನ್ ಸಿ ಬೇಕು. ಅದು ಇಲ್ಲದೆ ವಸಡಲ್ಲಿ ರಕ್ತ ಬಂದು ಸಾಯುತ್ತಿದ್ದರು ಹಿಂದಿನ ಹಡಗಿನವರು. ಎರಡು ಕೊಡಗಿನ ಕಿತ್ತಳೆ ತಿನ್ನಿ, ದುಡ್ಡೂ ಉಳಿಯುತ್ತದೆ.

ವಯಸ್ಸಾದವರ ಮರೆವಿನ ಕಾಯಿಲೆ ಆಲ್ಝೈಮರ್ಸ್‌ನಲ್ಲೂ ಮೆದುಳಿನಲ್ಲಿ ತಪ್ಪಾಗಿ ಮಡಚಿದ ಪ್ರೋಟೀನ್ ಗುಡ್ಡೆ ಬೀಳುತ್ತದೆ. ಮತ್ತೆ ಆಕಾರವೇ. ಒಂದು ಪ್ರೋಟೀನಿನ ಆಕಾರ ತಿಳಿಯಲು ನಾವು ವರ್ಷಗಟ್ಟಲೆ ಒದ್ದಾಡುತ್ತಿದ್ದೆವು. ಈಗ ಮಣಿಗಳ ಸಾಲು ಕೊಟ್ಟರೆ ಕಂಪ್ಯೂಟರೇ ಆಕಾರ ಊಹಿಸಿ ಕೊಡುತ್ತದೆ, ಆಲ್ಫಾಫೋಲ್ಡ್ ಅಂತ. ಹಾಗೆ ಸುಮಾರು 20 ಕೋಟಿ ಪ್ರೋಟೀನ್‌ಗಳ ಆಕಾರ ಹಾಕಿಟ್ಟಿದ್ದಾರೆ, ಯಾರು ಬೇಕಾದರೂ ನೋಡಬಹುದು. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಇದನ್ನು ಮಾಡಿದ ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಅವರಿಗೆ, ಇನ್ನರ್ಧ ಹೊಸ ಪ್ರೋಟೀನ್‌ಗಳನ್ನೇ ವಿನ್ಯಾಸ ಮಾಡುವ ಡೇವಿಡ್ ಬೇಕರ್ ಅವರಿಗೆ. ಮೊದಲ ಸಲ ಅದನ್ನು ತೆರೆದ ರಾತ್ರಿ ನಾನು ಹುಡುಕಿದ್ದು ಯಾವುದನ್ನು ಅಂತ ನೀವೇ ಹೇಳಿ. ಜಿಗಣೆಯದ್ದನ್ನೇ.

ಹೊತ್ತಾಯಿತಂತೆ. ಮಡಿಕೇರಿಯಿಂದ ಊರಿಗೆ ಕೊನೇ ಬಸ್ಸು ಹಿಡಿಯಬೇಕು, ತೋಟದ ದಾರಿಯಲ್ಲೇ ನಡೆಯಬೇಕು. ಹೊಗೆಸೊಪ್ಪಿನ ನೀರಿನ ಬಾಟಲಿ ಬ್ಯಾಗಿನಲ್ಲಿದೆ. ನಮಸ್ಕಾರ.