ಕ್ಯಾಮೆರಾ ಬೆರಳಿಗೇ ಯಾಕೆ ಅಂಟಿಕೊಳ್ಳಬೇಕು?

ಚೇಂಬರ್ ಮ್ಯೂಸಿಕ್, ಅಂದರೆ ಕೆಲವೇ ವಾದಕರು ಸೇರಿ ನುಡಿಸುವ ಪಾಶ್ಚಾತ್ಯ ಸಂಗೀತದ ಡಿವಿಡಿಗಳ ಬಗ್ಗೆ ನನಗೊಂದು ತಕರಾರಿದೆ. ಪಿಯಾನೋ ಸ್ವಲ್ಪ ಜೋರಾಗಿ ಓಡಿದರೆ ಸಾಕು, ಕ್ಯಾಮೆರಾ ಹೋಗಿ ಬೆರಳುಗಳ ಮೇಲೆ ಕೂತುಬಿಡುತ್ತದೆ. ಉಳಿದವರು ಇದ್ದಾರೋ ಇಲ್ಲವೋ ಗೊತ್ತಾಗುವುದಿಲ್ಲ.

ಸಂಗೀತ ರಚನೆಕಾರ ಶೂಬರ್ಟ್ 1819ರಲ್ಲಿ ಬರೆದ 'ಟ್ರೌಟ್' ಕ್ವಿಂಟೆಟ್ (ಐದು ವಾದ್ಯಗಳ ಕೃತಿ) ತಗೊಳ್ಳಿ. ಪಿಯಾನೋ, ವಯೊಲಿನ್, ವಿಯೋಲಾ, ಚೆಲ್ಲೋ, ಡಬಲ್ ಬಾಸ್. ನಾಲ್ಕನೇ ಭಾಗದಲ್ಲಿ ಅವರದೇ ಹಾಡೊಂದರ ಧಾಟಿ ಬರುತ್ತದೆ. ಮೊದಲು ತಂತಿವಾದ್ಯಗಳು ಮಾತ್ರ, ಪಿಯಾನೋ ಸುಮ್ನೆ ಕಾಯುತ್ತದೆ. ಆಮೇಲೆ ಅದೇ ಧಾಟಿ ಬೇರೆ ಬೇರೆ ರೂಪದಲ್ಲಿ, ಅಂದರೆ ವೇರಿಯೇಶನ್‌ಗಳಾಗಿ ಬರುತ್ತದೆ. ಮೂರನೇ ವೇರಿಯೇಶನ್ನಿನಲ್ಲಿ ಪಿಯಾನೋ ನಿಲ್ಲದೆ ಓಡುತ್ತದೆ ನಿಜ, ಆದರೆ ಧಾಟಿ ಇರುವುದು ಕೆಳಗೆ, ಚೆಲ್ಲೋ ಮತ್ತು ಡಬಲ್ ಬಾಸ್ ಕೈಯಲ್ಲಿ. ಆಗಲೂ ಬೆರಳನ್ನೇ ತೋರಿಸಿದರೆ ನಿರ್ದೇಶಕರು ಸಂಗೀತ ಕೇಳುತ್ತಿಲ್ಲ ಅಂತಲೇ ಅರ್ಥ, ಅಲ್ವಾ?

ಇಲ್ಲಿ ಕೋಲು ಬೀಸುವ ಕಂಡಕ್ಟರ್ ಇರುವುದಿಲ್ಲ. ಎಲ್ಲರೂ ಒಟ್ಟಿಗೆ ಎತ್ತಿಕೊಳ್ಳಬೇಕಾದಾಗ ಒಬ್ಬರು ಮೂಗಿನಲ್ಲಿ ಉಸಿರೆಳೆಯುತ್ತಾರೆ, ಕಮಾನು ಚೂರು ಮೇಲೇಳುತ್ತದೆ, ಇನ್ನೊಬ್ಬರು ಹಾಳೆಯಿಂದ ಕಣ್ಣೆತ್ತಿ ನೋಡುತ್ತಾರೆ, ಅಷ್ಟರಲ್ಲಿ ಐದೂ ವಾದ್ಯ ಒಂದಾಗಿರುತ್ತವೆ. ಸಿಡಿಯಲ್ಲಿ ಸಿಗದೆ ವಿಡಿಯೋದಲ್ಲಿ ಮಾತ್ರ ಸಿಗುವುದು ಇದೇ. ಇದನ್ನೇ ಕತ್ತರಿಸಿದರೆ ಇನ್ನೇನು ಉಳಿಯಿತು?

ಅದಕ್ಕೇ 1969ರಲ್ಲಿ ಲಂಡನ್ನಿನ ಕ್ವೀನ್ ಎಲಿಜಬೆತ್ ಹಾಲ್‌ನಲ್ಲಿ ನಿರ್ದೇಶಕ ಕ್ರಿಸ್ಟೋಫರ್ ನ್ಯೂಪೆನ್ ತೆಗೆದ 'ಟ್ರೌಟ್' ಚಿತ್ರ ನನಗೆ ಇವತ್ತಿಗೂ ಜಾಸ್ತಿ ಇಷ್ಟ. ಪಿಯಾನೋಗೆ ಬ್ಯಾರನ್‌ಬಾಯ್ಮ್, ವಯೊಲಿನ್‌ಗೆ ಪರ್ಲ್‌ಮನ್, ವಿಯೋಲಾಗೆ ಜುಕರ್‌ಮನ್, ಚೆಲ್ಲೋಗೆ ಜ್ಯಾಕ್ಲಿನ್ ಡು ಪ್ರೇ. ಡಬಲ್ ಬಾಸ್ ಹಿಡಿದವರು ಜುಬಿನ್ ಮೆಹ್ತಾ. ಹೌದು, ಕಂಡಕ್ಟರ್ ಮೆಹ್ತಾನೇ! ಆ ವಾದ್ಯವನ್ನು ಅವರು ವಿಯೆನ್ನಾದಲ್ಲಿ ಓದುವಾಗ ನುಡಿಸುತ್ತಿದ್ದರು. ವೇದಿಕೆಯ ಹಿಂದೆ ಇವರು ವಾದ್ಯ ಅದಲುಬದಲು ಮಾಡಿಕೊಂಡು ಹುಡುಗಾಟ ಆಡುವುದೂ ಚಿತ್ರದಲ್ಲಿದೆ. ಕೆಲವರಿಗೆ ಅದು ಬೇಡದ ಭಾಗ ಅನ್ನಿಸಬಹುದು, ನನಗಂತೂ ಅದು ಬೇಕು. ಯಾಕೆಂದರೆ ಆ ಸಲಿಗೆಯನ್ನು ನೋಡಿದ ಮೇಲೆ ವೇದಿಕೆಯಲ್ಲಿ ಯಾರು ಯಾರ ಕಡೆ ತಿರುಗಿ ನಗುತ್ತಾರೆ ಅನ್ನುವುದು ತಾನಾಗೇ ಕಣ್ಣಿಗೆ ಬೀಳುತ್ತದೆ. ನಾಲ್ಕೇ ವರ್ಷಕ್ಕೆ, 1973ರಲ್ಲಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಿಂದಾಗಿ ಡು ಪ್ರೇ ವೇದಿಕೆ ಬಿಡಬೇಕಾಯಿತು. ಅವರ ಧ್ವನಿಮುದ್ರಣಗಳು ಬೇಕಾದಷ್ಟಿವೆ. ನುಡಿಸುತ್ತಾ ಅವರು ಪಕ್ಕದವರನ್ನು ಹೇಗೆ ನೋಡುತ್ತಿದ್ದರು ಅನ್ನುವುದು ಮಾತ್ರ ಇಂಥ ಚಿತ್ರಗಳಲ್ಲೇ ಸಿಗಬೇಕು.

ಡಿವಿಡಿ ಹಾಕುವ ಮುಂಚೆ ಟಿವಿಯನ್ನು 4:3ಕ್ಕೆ, ಅಂದರೆ ಹಳೆಯ ಟಿವಿಯ ಅಗಲ-ಎತ್ತರದ ಅಳತೆಗೆ, ಇಟ್ಟುಕೊಳ್ಳಿ. ಹಳೆಯ ಚಿತ್ರವನ್ನು ಅಗಲ ಪರದೆಗೆ ಎಳೆದರೆ ಚೆಲ್ಲೋ ಅಡ್ಡಡ್ಡ ಊದಿಕೊಳ್ಳುತ್ತದೆ. ಮೇಲೆ ಕೆಳಗೆ ಕತ್ತರಿಸಿ ತುಂಬಿಸಿದರಂತೂ ಮೇಲಂಚಿನಲ್ಲಿರುವ ತಲೆಯೇ ಹೋಗುತ್ತದೆ. ಎರಡೂ ಬದಿ ಕಪ್ಪು ಪಟ್ಟಿ ಬಂದರೆ ಬರಲಿ ಬಿಡಿ.