ಬಾದಾಮಿಯ ಕತ್ತಲು ಬೂದಿಯಾಗಿದ್ದು ಯಾಕೆ? ವಿಮಾನ, ಎಕ್ಸ್‌ರೇ ಮತ್ತು ನಿಮ್ಮ ರೀಲು

[ದೃಶ್ಯ: ಮೇಜಿನ ಮೇಲೆ ಒಂದು ಕಪ್ಪು-ಬಿಳುಪು ಫೋಟೋ]

ನಮಸ್ಕಾರ್ರೀ. ಈ ಫೋಟೋ ನೋಡಿ. ಬಾದಾಮಿಯ ಮೂರನೇ ಗುಹೆ, 578ರ ಶಾಸನ ಇದೆಯಲ್ಲ, ಅದೇ. ಶೇಷನ ಮೇಲೆ ಕೂತ ವಿಷ್ಣು ಇದರಲ್ಲಿ ಇದ್ದಾನೆ. ಆದರೆ ಮಂಜಿನೊಳಗೆ ಕೂತ ಹಾಗೆ ಕಾಣುತ್ತಾನೆ. ಬಾದಾಮಿಯ ಬಿಸಿಲಿಗೆ ಮಂಜು ಎಲ್ಲಿಂದ ಬಂತು?

ತಪ್ಪು ನನ್ನದೇ. ಊರಿಂದ ಹೊರಟು ಮೂರು ವಿಮಾನ ಬದಲಿಸುವ ಪ್ರಯಾಣ ಇತ್ತು. ಈ ಫೋಟೋದ ರೀಲೂ ಸೇರಿ ನಾಲ್ಕು ಫಿಲ್ಮ್ ರೀಲನ್ನು ಕಾಲುಚೀಲದಲ್ಲಿ ಸುತ್ತಿ ಸೂಟ್‌ಕೇಸಿಗೆ ಹಾಕಿದೆ. ಸೂಟ್‌ಕೇಸನ್ನು ಕೌಂಟರಿನಲ್ಲಿ ಕೊಟ್ಟು ಹಾಯಾಗಿ ಹೋದೆ. ವಾಪಸ್ ಬಂದ ಮೇಲೆ ರೀಲು ತೊಳೆಯುವ ಕಾಕಾ ಕೇಳಿದರು, “ತಮ್ಮಾ, ರೀಲ್ ಬಿಸಲಾಗ ಇಟ್ಟಿದ್ದೇನು?” “ಇಲ್ರೀ ಕಾಕಾ, ಪೆಟ್ಟಿಗ್ಯಾಗ ಇಟ್ಟಿದ್ದೆ.” “ಪೆಟ್ಟಿಗಿ ಎಲ್ಲಿತ್ತು?”

ನಾನು ಉತ್ತರ ಕೊಡಲಿಲ್ಲ. ಅವರಿಗೆ ಗೊತ್ತಾಯಿತು.

[ದೃಶ್ಯ: ರೀಲಿನ ಹತ್ತಿರದ ಚಿತ್ರ]

ಫಿಲ್ಮ್ ಅಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಜೆಲಟಿನ್ ಪದರ, ಅದರೊಳಗೆ ಬೆಳ್ಳಿಯ ಲವಣದ ಸಣ್ಣ ಸಣ್ಣ ಹರಳು. ಬೆಳಕು ತಗುಲಿದ ಹರಳು ತೊಳೆಯುವಾಗ ಕಪ್ಪು ಬೆಳ್ಳಿಯಾಗುತ್ತದೆ. ಎಕ್ಸ್‌ರೇ ತಗುಲಿದರೂ ಅಷ್ಟೇ. 1895ರಲ್ಲಿ ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದು ಹೆಂಡತಿಯ ಕೈಮೂಳೆಯ ಚಿತ್ರ ತೆಗೆದದ್ದೂ ಫೋಟೋ ಪ್ಲೇಟಿನ ಮೇಲೆಯೇ. ಮೊದಲೆಲ್ಲ ದವಾಖಾನೆಯಲ್ಲಿ ಕೊಡುತ್ತಿದ್ದ ನೀಲಿ ಎಕ್ಸ್‌ರೇ ಹಾಳೆ ನೆನಪಿದೆ ಅಲ್ವಾ? ಅದರಲ್ಲೂ ಬೆಳ್ಳಿಯೇ. ಅಂದರೆ ಫಿಲ್ಮ್ ಕೆಟ್ಟಿತು ಅನ್ನುವುದಕ್ಕಿಂತ, ತನ್ನ ಕೆಲಸ ತಾನು ಮಾಡಿತು ಅನ್ನಬೇಕು.

ಬಿಸಿಲಿನ ಫೋಟೋದಲ್ಲಿ ಈ ಹಾನಿ ಬೇಗ ಗೊತ್ತಾಗುವುದಿಲ್ಲ. ಪೆಟ್ಟು ಮೊದಲು ಬೀಳುವುದು ಕತ್ತಲಿಗೆ. ತೊಳೆದ ರೀಲಿನಲ್ಲಿ ಎಲ್ಲ ಉಲ್ಟಾ: ಬೆಳಕು ಬಿದ್ದ ಕಡೆ ಕಪ್ಪು, ಕತ್ತಲಿದ್ದ ಕಡೆ ಖಾಲಿ. ಆ ಖಾಲಿ ಕಡೆ ಸ್ವಲ್ಪ ಮಸುಕು ಸೇರಿದರೂ ಫೋಟೋದಲ್ಲಿ ಕಪ್ಪು ಬೂದಿಯಾಗುತ್ತದೆ, ಕಾಳು ಕಾಳು ಕಾಣುತ್ತದೆ, ಕೆಲವೊಮ್ಮೆ ಅಲೆಯಂಥ ಪಟ್ಟೆಯೂ ಮೂಡುತ್ತದೆ. ಗುಹೆಯ ಫೋಟೋದಲ್ಲಿ ಮುಕ್ಕಾಲು ಪಾಲು ಕತ್ತಲೇ. ಇನ್ನೇನು ಉಳಿಯುತ್ತದೆ?

[ದೃಶ್ಯ: ಗೋಲಗುಮ್ಮಟದ ಒಳಗಿನ ಮಂದ ಬೆಳಕು]

ನಮ್ಮ ಕಡೆಯವರಿಗೆ ಇನ್ನೊಂದು ತೊಂದರೆ ಇದೆ. ಗೋಲಗುಮ್ಮಟದ ಒಳಗಾಗಲಿ, ಬಾದಾಮಿ ಗುಹೆಯಲ್ಲಾಗಲಿ ಅನುಮತಿ ಇಲ್ಲದೆ ಟ್ರೈಪಾಡ್ ನಿಲ್ಲಿಸುವಂತಿಲ್ಲ. ಹಾಗಾಗಿ ಮಂದ ಬೆಳಕಿನಲ್ಲೂ ಕೈಯಲ್ಲೇ ಹಿಡಿದು ತೆಗೆಯಲು 800 ಅಥವಾ 3200 ಐಎಸ್ಒ ರೀಲು ಹಾಕುತ್ತೇವೆ. ಐಎಸ್ಒ ಸಂಖ್ಯೆ ದೊಡ್ಡದಾದಷ್ಟೂ ರೀಲಿಗೆ ಕಡಿಮೆ ಬೆಳಕು ಸಾಕು. ಕಡಿಮೆ ಬೆಳಕನ್ನೂ ಹಿಡಿಯುವ ರೀಲು ಎಕ್ಸ್‌ರೇಯನ್ನೂ ಅಷ್ಟೇ ಬೇಗ ಹಿಡಿಯುತ್ತದೆ. ನನ್ನದು ಇಲ್‌ಫೋರ್ಡ್ ಡೆಲ್ಟಾ 3200 ಆಗಿತ್ತು. ಹೊಟ್ಟೆ ಉರಿಯಿತು.

ಈಗ ಯಂತ್ರದ ವಿಷಯ. ಕೌಂಟರಿನಲ್ಲಿ ಕೊಡುವ ದೊಡ್ಡ ಚೀಲವನ್ನು ನೋಡುವ ಯಂತ್ರದ ಎಕ್ಸ್‌ರೇ ಬಲು ಜೋರು. ಅಲ್ಲಿಗೆ ತೊಳೆಯದ ರೀಲು ಹೋಗಲೇಬಾರದು, 100 ಐಎಸ್ಒ ಆದರೂ ಸರಿ. ಕೈಚೀಲ ನೋಡುವ ಹಳೆ ನಮೂನೆಯ ಯಂತ್ರ ಅಷ್ಟು ಕೆಟ್ಟದ್ದಲ್ಲ. 400ರವರೆಗಿನ ರೀಲು ಒಂದೆರಡು ಸಲ ಅದರೊಳಗೆ ಹೋಗಿ ಬಂದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಪ್ರತಿ ಸಲದ್ದೂ ಕೂಡುತ್ತಾ ಹೋಗುತ್ತದೆ. ಬೆಂಗಳೂರಿನ ಮೆಟ್ರೋ ಬಾಗಿಲಲ್ಲಿ ಚೀಲ ಹಾಕುತ್ತೀರಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಈಚೆಗೆ ಕೈಚೀಲಕ್ಕೂ ಸಿಟಿ ಸ್ಕ್ಯಾನರ್ ಬರುತ್ತಿವೆ. ಆಸ್ಪತ್ರೆಯ ಸಿಟಿ ಸ್ಕ್ಯಾನ್ ಇದ್ದ ಹಾಗೆ, ಸುತ್ತಲಿಂದ ನೋಡುತ್ತವೆ. ಯಂತ್ರ ಭಾರೀ ದಪ್ಪ, ಪರದೆಯ ಮೇಲೆ ಸಿಬ್ಬಂದಿ ನಿಮ್ಮ ಚೀಲದ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರೆ, ಲ್ಯಾಪ್‌ಟಾಪ್ ಒಳಗೇ ಇರಲಿ ಅಂದರೆ, ಅದು ಸಿಟಿ ಇರಬಹುದು. ಅಲ್ಲಿ ರೀಲು ಹಾಕಬೇಡಿ. ಒಂದೇ ಸಲಕ್ಕೂ ಕೆಡಬಹುದು.

ಮದುವೆಯಲ್ಲಿ ಇನ್‌ಸ್ಟ್ಯಾಕ್ಸ್, ಅಂದರೆ ತೆಗೆದ ಕೂಡಲೇ ಫೋಟೋ ಕೊಡುವ ಕ್ಯಾಮೆರಾ, ಹಿಡಿದು ಓಡಾಡುವ ತಂಗಿಯರೇ, ನಿಮ್ಮ ಪ್ಯಾಕ್ 800 ಐಎಸ್ಒ. ನಿಮಗೂ ಇದೇ ಮಾತು. ತೊಳೆದ ನೆಗೆಟಿವ್, ಡಿಜಿಟಲ್ ಕ್ಯಾಮೆರಾ, ಮೆಮೊರಿ ಕಾರ್ಡ್‌ಗೆ ಭಯವಿಲ್ಲ.

ಎಕ್ಸ್‌ರೇ ತಡೆಯಲು ಸೀಸದ ಚೀಲ ತಗೊಳ್ಳಲಾ ಅಂತ ತುಂಬಾ ಜನ ಕೇಳುತ್ತಾರೆ. ಸುಮ್ನೆ ದುಡ್ಡು ದಂಡ ಅನ್ನುವುದು ನನ್ನ ಅಭಿಪ್ರಾಯ. ಪರದೆಯ ಮೇಲೆ ಕಪ್ಪು ಗಡ್ಡೆ ಕಂಡರೆ ಸಿಬ್ಬಂದಿ ಬಿಡುತ್ತಾರಾ? ಚೀಲ ಬಿಚ್ಚಿಸುತ್ತಾರೆ, ರೀಲನ್ನು ಮತ್ತೆ ಯಂತ್ರಕ್ಕೆ ಹಾಕುತ್ತಾರೆ.

[ದೃಶ್ಯ: ಪಾರದರ್ಶಕ ಜಿಪ್ ಕವರಿನಲ್ಲಿ ಸಾಲಾಗಿ ರೀಲುಗಳು]

ನಾನು ಈಗ ಮಾಡುವುದು ಇಷ್ಟೇ. ರೀಲನ್ನು ರಟ್ಟಿನ ಡಬ್ಬಿಯಿಂದ ತೆಗೆದು ಇಂಥ ಜಿಪ್ ಕವರಿಗೆ ಹಾಕುತ್ತೇನೆ. 3200ರದ್ದು ಮೇಲೆ, ಸಂಖ್ಯೆ ಕಾಣುವ ಹಾಗೆ. ಕ್ಯಾಮೆರಾದಲ್ಲಿ ಅರ್ಧ ರೀಲು ಬಿಟ್ಟುಕೊಂಡು ಹೋಗುವುದಿಲ್ಲ. ಹಿಂಬಾಗಿಲು ತೆಗೆದು ತೋರಿಸಿ ಅಂದರೆ ಕಥೆ ಮುಗೀತು. ಒಂದು ತಾಸು ಮೊದಲೇ ಹೋಗುತ್ತೇನೆ. ಸಾಲು ಉದ್ದ ಇದ್ದಾಗ ಯಾರಿಗೂ ನಮ್ಮ ರೀಲಿನ ಪುರಾಣ ಕೇಳುವ ತಾಳ್ಮೆ ಇರುವುದಿಲ್ಲ.

ಚೀಲ ಬೆಲ್ಟಿನ ಮೇಲೆ ಇಡುವ ಮುಂಚೆಯೇ ಕವರ್ ಕೈಯಲ್ಲಿ ಹಿಡಿದು ಹೇಳುತ್ತೇನೆ: “ಸರ್, ಇದು ಫೋಟೋ ರೀಲ್ ರೀ, ಇನ್ನೂ ತೊಳೆದಿಲ್ಲ. ಎಕ್ಸ್‌ರೇಗೆ ಹಾಳಾಗ್ತದ. ಕೈಯಿಂದ ಚೆಕ್ ಮಾಡ್ತೀರಾ?” ಒಪ್ಪಿದರೆ ಬಟ್ಟೆಯಿಂದ ಒರೆಸಿ ಪರೀಕ್ಷೆ ಮಾಡಿ ಕೊಡುತ್ತಾರೆ. ಅಮೆರಿಕದಲ್ಲಿ ಅಲ್ಲಿನ ಭದ್ರತಾ ಇಲಾಖೆಯೇ ಕೈಯಿಂದ ಪರೀಕ್ಷೆ ಮಾಡಿಸಿಕೊಳ್ಳಿ ಅನ್ನುತ್ತದೆ. ನಮ್ಮಲ್ಲಿ ಅದು ಎದುರಿಗಿರುವ ಅಧಿಕಾರಿಗೆ ಬಿಟ್ಟದ್ದು. ಆಗಲ್ಲ ಅಂದರೆ ಜಗಳ ಬೇಡ. ಹೊಸ ಪೀಳಿಗೆಯವರಿಗೆ ರೀಲು ಅಂದರೆ ಇನ್‌ಸ್ಟಾಗ್ರಾಮ್ ನೆನಪಾಗುತ್ತದೆ, ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ.

ಇನ್ನೂ ಸುಲಭದ ದಾರಿ ಬೇಕಾ? ರೈಲು. ಕೊರಿಯರ್ ಕೂಡ ವಿಮಾನದಲ್ಲಿ ಹೋದರೆ ಸ್ಕ್ಯಾನ್ ಆಗಬಹುದು. ಹಾಗಾಗಿ ಬೆಂಗಳೂರಿನ ಲ್ಯಾಬಿಗೆ ಹೋಗಬೇಕಾದ ನನ್ನ ರೀಲು ಈಗ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಹೋಗುತ್ತದೆ. ಊರಿಗೆ ಬಂದ ಅಳಿಯ ವಾಪಸ್ ಹೋಗುವಾಗ ಕೈಯಲ್ಲಿ ಶೇಂಗಾ ಹೋಳಿಗೆ ಡಬ್ಬಿ, ಅದರ ಪಕ್ಕ ರೀಲಿನ ಕವರ್. ನಿಲ್ದಾಣದಲ್ಲಿ ಚೀಲ ಯಂತ್ರಕ್ಕೆ ಹಾಕು ಅಂದರೆ ಕವರ್ ಮಾತ್ರ ಕೈಯಲ್ಲಿ ಹಿಡಿ ಅಂತ ಅವನಿಗೆ ಹೇಳಿರುತ್ತೇನೆ.

[ದೃಶ್ಯ: ಎರಡು ಫೋಟೋ ಅಕ್ಕಪಕ್ಕ]

ಎಡಗಡೆಯದು ಆಗ ಕೆಟ್ಟದ್ದು. ಬಲಗಡೆಯದು ಮತ್ತೆ ಬಾದಾಮಿಗೆ ಹೋಗಿ ತೆಗೆದದ್ದು, ಅಳಿಯನ ಕೈಯಲ್ಲಿ ಹೋದದ್ದು. ಅದೇ 3200 ರೀಲು. ವಿಷ್ಣುವಿನ ಹಿಂದಿನ ಕತ್ತಲು ನೋಡಿ. ಕಪ್ಪಗೇ ಇದೆ.